ಶಾಲೆಗೆ ಬಾರದ ಹುಡುಗನಿಗೆ ಕಾಲೇಜಿನ ಸೀಟು

ಕೆನಡಾದ ಒಂಟಾರಿಯೊ ಪ್ರಾಂತ್ಯದ ಹೈಸ್ಕೂಲುಗಳಲ್ಲಿ ಒಂದು ಪದ್ಧತಿ ಇದೆ. ಮೊದಲ ಸಲ ಕೇಳಿದಾಗ ನಮ್ಮವರು ಸುಲಭಕ್ಕೆ ನಂಬುವುದಿಲ್ಲ. ಕ್ಲಾಸಿಗೆ ಸರಿಯಾಗಿ ಬಾರದ, ಎರಡು ಮೂರು ವಿಷಯಗಳಲ್ಲಿ ಡುಮ್ಕಿ ಹೊಡೆದ, ಇನ್ನೇನು ಶಾಲೆ ಬಿಟ್ಟೇ ಬಿಡುತ್ತಾನೆ ಅನ್ನುವಂಥ ಹುಡುಗನನ್ನು ಹುಡುಕಿ ಕಾಲೇಜಿಗೆ ಕಳಿಸುತ್ತಾರೆ. ಅಲ್ಲಿ ಕಾಲೇಜು ಅಂದರೆ ಡಿಪ್ಲೊಮಾ, ಕೈಕಸುಬು ಇಂಥದ್ದನ್ನು ಕಲಿಸುವ ಜಾಗ, ಯೂನಿವರ್ಸಿಟಿ ಬೇರೆ. ಹೈಸ್ಕೂಲು ಮುಗಿದ ಮೇಲಲ್ಲ, ಹೈಸ್ಕೂಲಿನಲ್ಲಿ ಇರುವಾಗಲೇ. ವಾರದಲ್ಲಿ ಒಂದು ದಿನವೋ ಅರ್ಧ ದಿನವೋ ಅವನು ಕಾಲೇಜಿನ ಕ್ಯಾಂಪಸ್ಸಿಗೆ ಹೋಗಿ, ಕಾಲೇಜಿನ ಪ್ರೊಫೆಸರ್ ಹತ್ತಿರ ಕಾಲೇಜಿನದೇ ಒಂದು ಕೋರ್ಸ್ ಕಲಿಯುತ್ತಾನೆ. ಪಾಸಾದರೆ ಅದು ಹೈಸ್ಕೂಲ್ ಡಿಪ್ಲೊಮಾದ, ಅಂದರೆ ಹೈಸ್ಕೂಲ್ ಮುಗಿಸಿದ ಸರ್ಟಿಫಿಕೇಟಿನ, ಲೆಕ್ಕಕ್ಕೂ ಬರುತ್ತದೆ, ಮುಂದೆ ಅದೇ ಕಾಲೇಜಿಗೆ ಸೇರಿದರೆ ಅಲ್ಲಿನ ಲೆಕ್ಕಕ್ಕೂ ಬರುತ್ತದೆ. ಅದಕ್ಕೇ ಡ್ಯುಯಲ್ ಕ್ರೆಡಿಟ್ ಅನ್ನುತ್ತಾರೆ. ಫೀಸು ಇಲ್ಲ. ಪುಸ್ತಕದ ಖರ್ಚು, ಬಸ್ಸಿನ ಖರ್ಚು ಸಾಮಾನ್ಯವಾಗಿ ಯೋಜನೆಯೇ ನೋಡಿಕೊಳ್ಳುತ್ತದೆ.

ನಾನು ಟೊರೊಂಟೊ ಪಕ್ಕದ ಬ್ರಾಂಪ್ಟನ್‌ನಲ್ಲಿ ಹೈಸ್ಕೂಲ್ ಟೀಚರ್. ಕೆಲವು ವರ್ಷಗಳಿಂದ ನನ್ನ ಕೆಲಸದಲ್ಲಿ ಅರ್ಧ ಭಾಗ ಇಂಥ ಮಕ್ಕಳ ಜೊತೆಗೇ. ಸ್ಟೂಡೆಂಟ್ ಸಕ್ಸೆಸ್ ಟೀಚರ್ ಅನ್ನುತ್ತಾರೆ ಆ ಹುದ್ದೆಗೆ. ಹಿಂದೆ ಬಿದ್ದವರ ಪಟ್ಟಿ ಇಟ್ಟುಕೊಂಡು, ಒಬ್ಬೊಬ್ಬರನ್ನೇ ಕರೆದು, ಎಲ್ಲಿ ಸಿಕ್ಕಿಕೊಂಡಿದ್ದಾರೆ ಎಂದು ನೋಡುವುದು ನನ್ನ ಕೆಲಸ. ಊರಿಗೆ ಹೋದಾಗ ಯಾರಾದರೂ ಕೇಳಿದರೆ ಇಷ್ಟೇ ಹೇಳುತ್ತೇನೆ: ಬಿಟ್ಟು ಹೋಗುವವರನ್ನು ಬಿಡದ ಹಾಗೆ ನೋಡಿಕೊಳ್ಳುತ್ತೇನೆ.

ಇಲ್ಲಿನ ಲೆಕ್ಕ ಗೊತ್ತಿಲ್ಲದಿದ್ದರೆ ಮುಂದಿನ ಮಾತು ಅರ್ಥವಾಗುವುದಿಲ್ಲ. ಹಾಗಾಗಿ ಅದನ್ನು ಮೊದಲು ಹೇಳಿಬಿಡುತ್ತೇನೆ. ಹೈಸ್ಕೂಲ್ ಅಂದರೆ ಗ್ರೇಡ್ 9ರಿಂದ 12. ಡಿಪ್ಲೊಮಾ ಬೇಕಾದರೆ 30 ಕ್ರೆಡಿಟ್ ಆಗಬೇಕು. ಅದರ ಜೊತೆ ಒಂದು ಓದು ಬರಹದ ಪರೀಕ್ಷೆ, 40 ಗಂಟೆ ಸಮಾಜಸೇವೆ. ಒಂದು ಕ್ರೆಡಿಟ್ ಅಂದರೆ 110 ಗಂಟೆಯ ಪಾಠ. ನಮ್ಮಲ್ಲಿ ವರ್ಷಕ್ಕೆ ಎಂಟು ಕ್ರೆಡಿಟ್, ನಾಲ್ಕು ವರ್ಷಕ್ಕೆ 32. ಅಂದರೆ ನಾಲ್ಕು ವರ್ಷದಲ್ಲಿ ಎಡವುವುದಕ್ಕೆ ಇರುವ ಅವಕಾಶ ಎರಡೇ ಎರಡು. ಇಲ್ಲಿ ಇಡೀ ತರಗತಿ ಫೇಲ್ ಅನ್ನುವುದು ಇಲ್ಲ. ಯಾವ ವಿಷಯದಲ್ಲಿ 50 ಬರಲಿಲ್ಲವೋ ಆ ಕ್ರೆಡಿಟ್ ಮಾತ್ರ ಹೋಗುತ್ತದೆ, ಮಗು ಜೊತೆಯವರ ಜೊತೆ ಮುಂದಿನ ವರ್ಷಕ್ಕೆ ಹೋಗುತ್ತದೆ. ಕೇಳುವುದಕ್ಕೆ ಒಳ್ಳೆಯದೇ. ಆದರೆ ಸಾಲ ಮಾತ್ರ ಕಾಣದ ಹಾಗೆ ಬೆಳೆಯುತ್ತಾ ಹೋಗುತ್ತದೆ. ಗ್ರೇಡ್ 10 ಮುಗಿದಾಗ 16 ಕ್ರೆಡಿಟ್ ಇರಬೇಕು. ಅಲ್ಲಿ ಹತ್ತೋ ಹನ್ನೊಂದೋ ಇದ್ದ ಹುಡುಗ ಒಂದು ದಿನ ಕೂತು ಲೆಕ್ಕ ಹಾಕುತ್ತಾನೆ. ಉಳಿದವರ ಜೊತೆ ತಾನು ಮುಗಿಸುವುದಿಲ್ಲ ಅಂತ ಗೊತ್ತಾಗುತ್ತದೆ. ಆ ದಿನ ಅವನು ಮನಸ್ಸಿನಲ್ಲಿ ಶಾಲೆ ಬಿಟ್ಟಿರುತ್ತಾನೆ. ಆಮೇಲೆ ಬ್ಯಾಗ್ ಹಾಕಿಕೊಂಡು ಬರುವುದು ಸುಮ್ನೆ ಮನೆಯವರಿಗೋಸ್ಕರ.

ಈ ಲೆಕ್ಕವನ್ನು ಸರಕಾರದ ಮುಂದೆ ಚೆನ್ನಾಗಿ ಇಟ್ಟವರಲ್ಲಿ ಕಿಂಗ್‌ಸ್ಟನ್ನಿನ ಕ್ವೀನ್ಸ್ ಯೂನಿವರ್ಸಿಟಿಯ ಅಲನ್ ಕಿಂಗ್ ಒಬ್ಬರು. 1999ರಲ್ಲಿ ಒಂಟಾರಿಯೊ ಹೊಸ ಪಠ್ಯಕ್ರಮ ತಂದು, ಐದು ವರ್ಷದ ಹೈಸ್ಕೂಲನ್ನು ನಾಲ್ಕಕ್ಕೆ ಇಳಿಸಿತ್ತು. 2003ರಲ್ಲಿ ಹಳೆಯ ಪದ್ಧತಿಯ, ಹೊಸ ಪದ್ಧತಿಯ ಎರಡು ಬ್ಯಾಚಿನ ಮಕ್ಕಳು ಒಟ್ಟಿಗೇ ಹೊರಬಂದರು. ಆ ಗದ್ದಲದಲ್ಲಿ ಎಲ್ಲರ ಕಣ್ಣು ಯೂನಿವರ್ಸಿಟಿ ಸೀಟಿನ ಮೇಲೆ. ಕಿಂಗ್ ನೋಡಿದ್ದು ಸೀಟಿನವರೆಗೆ ಬರದೇ ಇದ್ದವರನ್ನು. ಗ್ರೇಡ್ 9ರಲ್ಲೇ ಕ್ರೆಡಿಟ್ ಕಳೆದುಕೊಂಡವರಲ್ಲಿ ಬಹಳ ಮಂದಿ ಡಿಪ್ಲೊಮಾ ಮುಗಿಸುವುದಿಲ್ಲ ಎಂದು ಅವರ ಅಧ್ಯಯನ ತೋರಿಸಿತು. 2003-04ರಲ್ಲಿ ಇಲ್ಲಿ ಹೈಸ್ಕೂಲ್ ಮುಗಿಸುತ್ತಿದ್ದವರು ನೂರಕ್ಕೆ 68 ಮಾತ್ರ. ಹೆಚ್ಚುಕಡಿಮೆ ಮೂವರಲ್ಲಿ ಒಬ್ಬರು ಅರ್ಧಕ್ಕೇ ನಿಂತುಹೋಗುತ್ತಿದ್ದರು.

ಆಗ ಸರಕಾರ ಎರಡು ದಾರಿ ಒಟ್ಟಿಗೇ ಹಿಡಿಯಿತು. ಒಂದು ಕಾನೂನು. 2006ರಲ್ಲಿ ಶಾಲೆ ಬಿಡುವ ವಯಸ್ಸನ್ನು 16ರಿಂದ 18ಕ್ಕೆ ಏರಿಸಿದರು. ಶಾಲೆ ಬಿಟ್ಟ ಮಕ್ಕಳಿಗೆ ಡ್ರೈವಿಂಗ್ ಲೈಸೆನ್ಸ್ ಕೊಡಬಾರದು ಅನ್ನುವ ಮಾತೂ ಆಗ ಬಂದಿತ್ತು. ಇನ್ನೊಂದು ದಾರಿ ನಾನು ಹೇಳುತ್ತಿರುವ ಡ್ಯುಯಲ್ ಕ್ರೆಡಿಟ್. ಹೈಸ್ಕೂಲುಗಳನ್ನೂ ಕಾಲೇಜುಗಳನ್ನೂ ಜೋಡಿಸುವುದಕ್ಕೆ ಸ್ಕೂಲ್ ಕಾಲೇಜ್ ವರ್ಕ್ ಇನಿಷಿಯೇಟಿವ್ ಎಂಬ ಏರ್ಪಾಡು 1990ರ ದಶಕದ ಕೊನೆಯಿಂದಲೇ ಇತ್ತು. ಅದರ ಕೆಳಗೆ 2005ರ ಸುಮಾರಿಗೆ ಇದನ್ನು ಪ್ರಯೋಗವಾಗಿ ಶುರುಮಾಡಿದರು. ಹೆದರಿಸಿ ಕೂರಿಸುವ ದಾರಿ ಒಂದು, ಬರುವುದಕ್ಕೆ ಕಾರಣ ಕೊಡುವ ದಾರಿ ಒಂದು. 18 ವರ್ಷದ ಕಾನೂನು ಇರುವ ಕಾರಣಕ್ಕೆ ಕ್ಲಾಸಿಗೆ ಬಂದ ಒಂದು ಮಗುವನ್ನೂ ನಾನು ಕಂಡಿಲ್ಲ. ಎಷ್ಟೋ ಮಕ್ಕಳಿಗೆ ಅಂಥ ಕಾನೂನು ಇದೆ ಅಂತಲೇ ಗೊತ್ತಿಲ್ಲ. ಕಾಲೇಜಿನ ಕೋರ್ಸು ಸಿಕ್ಕಿತು ಅಂತ ಬೆಳಿಗ್ಗೆ ಆರಕ್ಕೆ ಎದ್ದವರನ್ನು ಕಂಡಿದ್ದೇನೆ.

ಅಂಥ ಒಬ್ಬ ಹುಡುಗನ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಗುರುತು ಸಿಗದ ಹಾಗೆ ಅಲ್ಲಿ ಇಲ್ಲಿ ಬದಲಿಸಿದ್ದೇನೆ. ದಾವಣಗೆರೆ ಕಡೆಯ ಕುಟುಂಬ. ಹುಡುಗ ಇಲ್ಲಿಗೆ ಬಂದಾಗ ಏಳನೇ ಕ್ಲಾಸು. ಅಪ್ಪ ಊರಿನಲ್ಲಿ ಒಳ್ಳೆಯ ಕೆಲಸ ಬಿಟ್ಟು ಬಂದವರು. ಇಲ್ಲಿ ಗೋಡೌನಿನಲ್ಲಿ ನೈಟ್ ಶಿಫ್ಟ್. ಅಮ್ಮ ಒಂದು ಡೇಕೇರ್‌ನಲ್ಲಿ. ಹುಡುಗ ಹೈಸ್ಕೂಲಿನ ಮೊದಲ ವರ್ಷ ಹೇಗೋ ತಳ್ಳಿದ. ಗ್ರೇಡ್ 10ರಲ್ಲಿ ಗಣಿತ ಹೋಯಿತು, ವಿಜ್ಞಾನ ಹೋಯಿತು, ಆಮೇಲೆ ಚಕ್ಕರ್ ಶುರುವಾಯಿತು. ಇಲ್ಲಿ ಮಗು ಕ್ಲಾಸಿಗೆ ಬರದಿದ್ದರೆ ಸಂಜೆ ಮನೆಗೆ ರೆಕಾರ್ಡ್ ಮಾಡಿದ ಫೋನ್ ಬರುತ್ತದೆ, ನಿಮ್ಮ ಮಗು ಇಂದು ಇಂಥ ಪೀರಿಯಡ್‌ಗೆ ಗೈರುಹಾಜರು ಅಂತ. ಅಪ್ಪ ಆಗತಾನೇ ಎದ್ದು ಶಿಫ್ಟಿಗೆ ಹೊರಡುವ ಹೊತ್ತು. ದಿನಾ ಅದೇ ಫೋನು, ದಿನಾ ಅದೇ ಜಗಳ. ಮನೆಯಲ್ಲಿ ಮಾತೇ ನಿಂತುಹೋಯಿತು.

ನನ್ನ ರೂಮಿಗೆ ಬಂದಾಗ ಅವನು ಏನೂ ಹೇಳುತ್ತಿರಲಿಲ್ಲ. ಕೇಳಿದ್ದಕ್ಕೆಲ್ಲ "ಗೊತ್ತಿಲ್ಲ ಮಿಸ್". ಕನ್ನಡದಲ್ಲಿ ಕೇಳಿದರೆ ನಕ್ಕು ತಲೆ ತಗ್ಗಿಸುತ್ತಿದ್ದ. ಒಂದು ಸಲ ನನ್ನ ಕಾರು ಪಾರ್ಕಿಂಗ್‌ನಲ್ಲಿ ನಿಲ್ಲುವಾಗ ಕಿರ್ ಅಂದಿದ್ದನ್ನು ಕೇಳಿಸಿಕೊಂಡು, "ಮಿಸ್, ನಿಮ್ಮ ಬ್ರೇಕ್ ಪ್ಯಾಡ್ ಮುಗಿದಿದೆ" ಅಂದ. ಅವನು ತಾನಾಗಿ ಆಡಿದ ಮೊದಲ ಮಾತು ಅದು. ಫೋನಿನಲ್ಲಿ ವಿಡಿಯೊ ನೋಡಿ ನೋಡಿ ಅಷ್ಟು ಕಲಿತಿದ್ದ. ಆಟೊಮೋಟಿವ್ ಡ್ಯುಯಲ್ ಕ್ರೆಡಿಟ್‌ನಲ್ಲಿ ಎರಡನೇ ಸೆಮಿಸ್ಟರ್‌ಗೆ ಸೀಟು ಖಾಲಿ ಇತ್ತು. ಅವನ ಹೆಸರು ಬರೆದೆ. ಅಪ್ಪ ಅಮ್ಮನ ಸಹಿ ಬೇಕಿತ್ತು.

ಸಹಿಯೇ ಕಷ್ಟವಾಯಿತು. ತಾಯಿ ಫೋನ್ ಮಾಡಿದರು. ಮೊದಲು ಮೇಡಂ ಅಂದರು, ಆಮೇಲೆ ಅಕ್ಕಾ ಅಂದರು.

"ಅಲ್ಲ ಅಕ್ಕಾ, ಶಾಲೆಗೇ ಸರಿಯಾಗಿ ಹೋಗ್ತಿಲ್ಲ ಅವನು. ಅವನಿಗೆ ಕಾಲೇಜಾ? ಅದೂ ಮೆಕ್ಯಾನಿಕ್ ಕೆಲಸ. ಅವರಪ್ಪ ಇಷ್ಟು ದೂರ ಕರ್ಕೊಂಡು ಬಂದಿದ್ದು ಇದಕ್ಕಾ?"

"ಒಂದೇ ಒಂದು ಕೋರ್ಸಮ್ಮ. ಅವನು ಮೆಕ್ಯಾನಿಕ್ಕೇ ಆಗ್ಬೇಕು ಅಂತ ಯಾರೂ ಹೇಳ್ತಿಲ್ಲ. ಮೊದ್ಲು ಎಲ್ಲಿಗಾದ್ರೂ ಒಂದು ಕಡೆ ದಿನಾ ಹೋಗೋದು ಕಲೀಲಿ."

"ಯೂನಿವರ್ಸಿಟಿ ದಾರಿ ಮುಚ್ಚಿಹೋದ್ರೆ?"

"ಈಗ ಅವನ ಮುಂದೆ ಯಾವ ದಾರಿ ತೆರೆದಿದೆ ಹೇಳಿ."

ಆ ಕಡೆ ಬಹಳ ಹೊತ್ತು ಮಾತಿಲ್ಲ. ಮಾರನೇ ದಿನ ಹುಡುಗ ಸಹಿ ತಂದ.

ಕೋರ್ಸು ಶುರುವಾಗಿ ಒಂದು ತಿಂಗಳಾದ ಮೇಲೆ ನಾನು ಆ ಕಾಲೇಜಿಗೆ ಹೋದೆ. ಡ್ಯುಯಲ್ ಕ್ರೆಡಿಟ್‌ನಲ್ಲಿ ಮಕ್ಕಳನ್ನು ಹಾಗೇ ಬಿಟ್ಟುಬಿಡುವುದಿಲ್ಲ. ಹೈಸ್ಕೂಲಿನ ಕಡೆಯಿಂದ ಒಬ್ಬ ಟೀಚರ್ ಜೊತೆಗಿದ್ದು ಅಟೆಂಡೆನ್ಸ್, ಹೋಮ್‌ವರ್ಕ್, ಮನೆಯ ತೊಂದರೆ ಎಲ್ಲ ನೋಡಿಕೊಳ್ಳುತ್ತಾರೆ. ಅವತ್ತು ಅವರ ಜೊತೆ ನಾನೂ ವರ್ಕ್‌ಶಾಪಿನ ಒಂದು ಮೂಲೆಯಲ್ಲಿ ನಿಂತೆ. ಲಿಫ್ಟ್ ಮೇಲೆ ಒಂದು ಹಳೆಯ ಕಾರು, ಚಕ್ರ ಬಿಚ್ಚಿತ್ತು. ಬ್ರೇಕಿನ ಡಿಸ್ಕನ್ನು ಹೊರತೆಗೆದು ಬೆಂಚಿನ ಮೇಲೆ ಇಟ್ಟಿದ್ದರು. ಹುಡುಗನ ಕೈಯಲ್ಲಿ ಮೈಕ್ರೋಮೀಟರ್. ನಮ್ಮ ಪಿಯುಸಿ ಲ್ಯಾಬಿನ ಸ್ಕ್ರೂ ಗೇಜ್ ನೆನಪಿದ್ದವರಿಗೆ ಹೇಳಬೇಕಾಗಿಲ್ಲ. ಅದೇ, ಸ್ವಲ್ಪ ದೊಡ್ಡದು.

ಪ್ರತಿ ಡಿಸ್ಕಿಗೂ ಇದಕ್ಕಿಂತ ತೆಳ್ಳಗಾದರೆ ಬಳಸಬಾರದು ಅನ್ನುವ ಒಂದು ದಪ್ಪ ಗೊತ್ತುಮಾಡಿರುತ್ತಾರೆ. ಸಾಮಾನ್ಯವಾಗಿ ಡಿಸ್ಕಿನ ಮೇಲೆಯೇ ಅಚ್ಚು ಹಾಕಿರುತ್ತಾರೆ. ಇದರ ಮೇಲೆ 22 ಮಿಲಿಮೀಟರ್ ಅಂತ ಇತ್ತು. ಸುತ್ತ ಒಂದೇ ಕಡೆ ಅಳೆದರೆ ಸಾಲದು, ಡಿಸ್ಕ್ ಎಲ್ಲ ಕಡೆ ಒಂದೇ ಸಮ ಸವೆದಿರುವುದಿಲ್ಲ. ಅವನು ಸೀಮೆಸುಣ್ಣದಿಂದ ಗುರುತು ಹಾಕಿ ಒಂದೊಂದೇ ಕಡೆ ಅಳೆಯುತ್ತಾ ಬಂದ. ತಿರುಪನ್ನು ಜೋರಾಗಿ ಬಿಗಿಯದೆ, ಅದು ಟಿಕ್ ಟಿಕ್ ಅನ್ನುವವರೆಗೆ ತಿರುಗಿಸಿ, ಬೆಳಕಿಗೆ ಹಿಡಿದು ಓದಿ, ಹಾಳೆಯ ಮೇಲೆ ಬರೆದ. 22.37. 22.31. 22.12. ಒಂದು ಕಡೆ 22.04 ಬಂತು. ನಂಬದೆ ಬಟ್ಟೆಯಿಂದ ಒರೆಸಿ ಮತ್ತೆ ಅಳೆದ. ಅಷ್ಟೇ ಬಂತು.

ಪ್ರೊಫೆಸರ್ ಬಂದು ಹಾಳೆ ನೋಡಿದರು. ಸರಿ ತಪ್ಪು ಹೇಳಲಿಲ್ಲ. "ಗಿರಾಕಿಗೆ ಏನು ಹೇಳುತ್ತೀಯಾ?" ಅಂತ ಕೇಳಿದರು.

ಹುಡುಗ ಸ್ವಲ್ಪ ಯೋಚಿಸಿದ. "ಬದಲಿಸಬೇಕು. ಮಿತಿಗಿಂತ ಇನ್ನೂ 0.04 ಜಾಸ್ತಿ ಇದೆ. ಆದರೆ ಈಗ ಹೊಸ ಪ್ಯಾಡ್ ಹಾಕಿದರೆ, ಆ ಪ್ಯಾಡ್ ಮುಗಿಯುವುದಕ್ಕಿಂತ ಎಷ್ಟೋ ಮೊದಲೇ ಡಿಸ್ಕ್ ಮಿತಿ ದಾಟಿರುತ್ತದೆ."

ಇದು ಗ್ರೇಡ್ 10 ಗಣಿತದಲ್ಲಿ ಡುಮ್ಕಿ ಹೊಡೆದ ಹುಡುಗ. ದಶಮಾಂಶ ಓದಿದ, ಕಳೆದ, ಅದು ಯಾವ ವೇಗದಲ್ಲಿ ಕಡಿಮೆಯಾಗುತ್ತದೆ ಅಂತ ಅಂದಾಜು ಮಾಡಿದ, ಅದರ ಮೇಲೆ ಒಂದು ತೀರ್ಮಾನಕ್ಕೆ ಬಂದ. ನಾವು ಇದನ್ನೇ ಅಲ್ವಾ ಗಣಿತದಿಂದ ಬಯಸುವುದು? ನನಗೆ ಗಂಟಲು ಕಟ್ಟಿದ ಹಾಗಾಯಿತು.

ಇನ್ನೊಂದು ವಿಷಯ ಗಮನಿಸಿದೆ. ಎಂಟೂವರೆಯ ಪೀರಿಯಡ್‌ಗೆ ನಮ್ಮ ಶಾಲೆಗೆ ಒಮ್ಮೆಯೂ ಸಮಯಕ್ಕೆ ಬಾರದವನು, ಎರಡು ಬಸ್ ಬದಲಿಸಿ ಕಾಲೇಜಿಗೆ ಮೊದಲೇ ಬಂದಿದ್ದ. ಕಾರಣ ಕೇಳಿದೆ. ಶುರುವಿನಲ್ಲಿ ಸೇಫ್ಟಿ ಮಾತು ಇರುತ್ತದೆ, ಅದನ್ನು ತಪ್ಪಿಸಿಕೊಂಡವರನ್ನು ಅವತ್ತು ಯಂತ್ರದ ಹತ್ತಿರ ಬಿಡುವುದಿಲ್ಲ ಅಂದ. ಅಷ್ಟೇ. ತಡವಾಗಿ ಬಂದರೆ ಬೈಗುಳ ಇಲ್ಲ, ಮನೆಗೆ ಫೋನ್ ಇಲ್ಲ, ಸ್ಲಿಪ್ ಇಲ್ಲ. ಅವತ್ತಿನ ಕೆಲಸ ಸಿಗುವುದಿಲ್ಲ. ಉಕ್ಕಿನ ಮೂತಿಯ ಬೂಟು ಹಾಕದಿದ್ದರೆ ಒಳಗೆ ಬಿಡುವುದಿಲ್ಲ, ಕಾಲಿನ ಮೇಲೆ ಡಿಸ್ಕ್ ಬಿದ್ದರೆ ಬೆರಳು ಹೋಗುತ್ತದೆ ಅನ್ನುವ ಕಾರಣಕ್ಕೆ. ನಮ್ಮ ಶಾಲೆಗಳಲ್ಲಿ ಎಷ್ಟು ನಿಯಮಗಳಿಗೆ ಇಂಥ ಕಾರಣ ಇರುತ್ತದೆ? ಹದಿನಾರು ಹದಿನೇಳರ ಮಕ್ಕಳಿಗೆ ಕಾರಣ ಇರುವ ನಿಯಮಕ್ಕೂ ಇಲ್ಲದ ನಿಯಮಕ್ಕೂ ವ್ಯತ್ಯಾಸ ಚೆನ್ನಾಗಿ ಗೊತ್ತು. ನಾವು ಅದನ್ನು ಉಡಾಫೆ ಅಂದುಕೊಳ್ಳುತ್ತೇವೆ.

ಎಲ್ಲರನ್ನೂ ಎಳೆಯುವುದು ಕೈಕೆಲಸವೇ ಅಂತ ತಿಳಿಯಬೇಡಿ. ನನ್ನ ಇನ್ನೊಬ್ಬ ವಿದ್ಯಾರ್ಥಿನಿ ಓದಿನಲ್ಲಿ ದಡ್ಡಿ ಅಲ್ಲ. ಗ್ರೇಡ್ 9ರಲ್ಲಿ ಗೆಳತಿಯರ ನಡುವೆ ಏನೋ ಆಗಿ, ಫೋನಿನಲ್ಲಿ ಏನೇನೋ ಹರಿದಾಡಿ, ಶಾಲೆಯ ಕಾರಿಡಾರಿನಲ್ಲಿ ನಡೆಯುವುದೇ ಅವಳಿಗೆ ಶಿಕ್ಷೆಯಾಗಿತ್ತು. ಹೊಟ್ಟೆನೋವು ಅಂತ ಮನೆಯಲ್ಲೇ ಇರುತ್ತಿದ್ದಳು. ಅವಳನ್ನು ಸ್ಕೂಲ್ ವಿದಿನ್ ಎ ಕಾಲೇಜ್ ಎಂಬ ಇನ್ನೊಂದು ಬಗೆಗೆ ಸೇರಿಸಿದೆವು. ಅಲ್ಲಿ ಹೈಸ್ಕೂಲಿನ ಕ್ಲಾಸ್‌ರೂಮೇ ಕಾಲೇಜಿನ ಕಟ್ಟಡದಲ್ಲಿರುತ್ತದೆ. ಹೈಸ್ಕೂಲ್ ಟೀಚರ್ ಅಲ್ಲಿಗೇ ಬಂದು ಬಾಕಿ ವಿಷಯಗಳನ್ನು ಹೇಳಿಕೊಡುತ್ತಾರೆ, ಜೊತೆಗೆ ಒಂದೋ ಎರಡೋ ಕಾಲೇಜ್ ಕೋರ್ಸು. ಅವಳು ತೆಗೆದುಕೊಂಡಿದ್ದು ಚಿಕ್ಕ ಮಕ್ಕಳ ಶಿಕ್ಷಣದ ಕೋರ್ಸು. ಅವಳಿಗೆ ಏನು ಇಷ್ಟವಾಯಿತು ಅಂತ ಕೇಳಿದಾಗ ಕೋರ್ಸಿನ ಹೆಸರು ಹೇಳಲಿಲ್ಲ. "ಅಲ್ಲಿ ಯಾರಿಗೂ ನಾನು ಯಾರು ಅಂತ ಗೊತ್ತಿಲ್ಲ ಮಿಸ್" ಅಂದಳು. ಹೈಸ್ಕೂಲಿನಲ್ಲಿ ಒಂದು ಸಲ ಹೆಸರು ಕೆಟ್ಟರೆ ಅದು ನಾಲ್ಕು ವರ್ಷ ಬೆನ್ನು ಬಿಡುವುದಿಲ್ಲ. ಟೀಚರ್‌ಗಳೂ ಅದನ್ನು ಒಬ್ಬರಿಂದ ಒಬ್ಬರಿಗೆ ದಾಟಿಸುತ್ತೇವೆ. ಗೊತ್ತಿಲ್ಲದವರ ನಡುವೆ ಹೊಸದಾಗಿ ಶುರುಮಾಡುವ ಅವಕಾಶ ದೊಡ್ಡವರಿಗೆ ಬೇಕಾದಷ್ಟು ಇದೆ. ಕೆಲಸ ಬದಲಿಸುತ್ತೇವೆ, ಊರು ಬದಲಿಸುತ್ತೇವೆ. ಮಕ್ಕಳಿಗೆ ಇಲ್ಲ.

ಇದು ಒಂಟಾರಿಯೊದವರು ಕಂಡುಹಿಡಿದ ಉಪಾಯ ಅಲ್ಲ. ನ್ಯೂಯಾರ್ಕಿನ ಲಗ್ವಾರ್ಡಿಯಾ ಕಮ್ಯುನಿಟಿ ಕಾಲೇಜಿನಲ್ಲಿ 1974ರಲ್ಲೇ ಮಿಡಲ್ ಕಾಲೇಜ್ ಹೈಸ್ಕೂಲ್ ಶುರುವಾಗಿತ್ತು. ಅದರ ಹಿಂದಿದ್ದವರು ಜಾನೆಟ್ ಲೀಬರ್‌ಮನ್. ಓದು ಬಿಡುವ ಅಂಚಿನಲ್ಲಿದ್ದ ಬಡಾವಣೆಯ ಮಕ್ಕಳನ್ನು ಕಾಲೇಜಿನ ಕಟ್ಟಡದ ಒಳಗೇ ಕೂರಿಸಿ ಹೈಸ್ಕೂಲ್ ಪಾಠ ಹೇಳಿದರು. 2000ದಲ್ಲಿ ಒರೆಗಾನ್ ರಾಜ್ಯದ ಪೋರ್ಟ್‌ಲೆಂಡ್ ಕಮ್ಯುನಿಟಿ ಕಾಲೇಜು ಗೇಟ್‌ವೇ ಟು ಕಾಲೇಜ್ ಎಂಬ ಹೆಸರಿನಲ್ಲಿ, ಈಗಾಗಲೇ ಶಾಲೆ ಬಿಟ್ಟವರನ್ನೇ ವಾಪಸ್ ಕರೆಯಿತು. ಆದರೆ ಅಮೆರಿಕದಲ್ಲಿ ಈ ಉಪಾಯಕ್ಕೆ ಇನ್ನೊಂದು ಕವಲು ಬೆಳೆಯಿತು. ಅದೇ ದೊಡ್ಡದಾಯಿತು. 1985ರಲ್ಲಿ ಮಿನೆಸೋಟ ರಾಜ್ಯ ಹೈಸ್ಕೂಲ್ ಮಕ್ಕಳು ಸರಕಾರದ ಖರ್ಚಿನಲ್ಲಿ ಕಾಲೇಜ್ ಕೋರ್ಸ್ ತೆಗೆದುಕೊಳ್ಳಬಹುದು ಅಂತ ಕಾನೂನು ಮಾಡಿತು. ಒಂದೊಂದೇ ರಾಜ್ಯ ಹಿಂದೆ ಬಂತು. ಅನೇಕ ಕಡೆ ಸೇರಬೇಕಾದರೆ ಒಳ್ಳೆಯ ಅಂಕ ಇರಬೇಕು, ಇಲ್ಲವೇ ಒಂದು ಪರೀಕ್ಷೆ ಪಾಸಾಗಬೇಕು. ಆಮೇಲೆ ಏನಾಗುತ್ತದೆ ಹೇಳಬೇಕಾಗಿಲ್ಲ. ಮೊದಲೇ ಓಡುತ್ತಿದ್ದ ಮಗು ಇನ್ನಷ್ಟು ಮುಂದೆ ಓಡುತ್ತದೆ, ಡಿಗ್ರಿಯ ಖರ್ಚಿನಲ್ಲಿ ಒಂದು ವರ್ಷ ಉಳಿಸುತ್ತದೆ. ಅದರಲ್ಲಿ ತಪ್ಪೇನಿಲ್ಲ. ಹಿಂದೆ ಉಳಿದ ಮಗುವಿಗೆ ಮಾತ್ರ ಬಾಗಿಲೇ ಕಾಣುವುದಿಲ್ಲ.

ನನಗೆ ಒಂಟಾರಿಯೊದ ಪದ್ಧತಿಯ ಮೇಲೆ ಇಷ್ಟೊಂದು ಅಭಿಮಾನ ಇರುವುದು ಈ ಒಂದು ಕಾರಣಕ್ಕೆ. ಇಲ್ಲಿ ಸೀಟು ಮುಖ್ಯವಾಗಿ ಯಾರಿಗೆ ಅಂತ ಬರೆದಿಟ್ಟಿದ್ದಾರೆ: ಓದಿನಿಂದ ದೂರ ಸರಿದ, ಅಂಕ ಕಡಿಮೆ ಇರುವ, ಆದರೆ ಅವಕಾಶ ಸಿಕ್ಕರೆ ಮಾಡಬಲ್ಲ ಮಕ್ಕಳಿಗೆ. ಹೆಸರು ಬರೆಯುವ ನಮ್ಮ ಮೇಲೆ ಪ್ರತಿವರ್ಷ ಒತ್ತಡ ಬರುತ್ತದೆ. 90 ತೆಗೆಯುವ ಮಗುವಿನ ತಂದೆ ತಾಯಿ ಬಂದು, ರೆಸ್ಯೂಮೆಗೆ ಚೆನ್ನಾಗಿರುತ್ತದೆ, ನಮ್ಮ ಮಗುವಿಗೂ ಕೊಡಿ ಅನ್ನುತ್ತಾರೆ. ಕೆಲವೊಮ್ಮೆ ಶಾಲೆಗಳಿಗೂ ಅದೇ ಬೇಕಾಗಿರುತ್ತದೆ. ಒಳ್ಳೆಯ ಮಕ್ಕಳನ್ನು ಕಳಿಸಿದರೆ ಎಲ್ಲರೂ ಪಾಸು, ವರದಿ ಚೆಂದ. ನಾನು ಒಪ್ಪುವುದಿಲ್ಲ. ಆ ಸೀಟು ಅವರಿಗಾಗಿ ಇಟ್ಟದ್ದಲ್ಲ. ಈ ಕೋರ್ಸುಗಳಲ್ಲಿ ಕೆಲವರು ಫೇಲ್ ಆಗುತ್ತಾರೆ, ಅರ್ಧಕ್ಕೆ ಬಿಡುತ್ತಾರೆ. ಯಾರೂ ಫೇಲ್ ಆಗದ ವರ್ಷ ಬಂದರೆ ನನಗೆ ಅನುಮಾನ ಬರುತ್ತದೆ, ನಾವು ಸರಿಯಾದ ಮಕ್ಕಳನ್ನು ಕಳಿಸಲಿಲ್ಲವೇನೋ ಅಂತ.

ನಮ್ಮ ಕನ್ನಡದವರ ಮನೆಗಳಲ್ಲಿ ಇರುವ ಕಷ್ಟ ಬೇರೆ ಥರದ್ದು. ಇಲ್ಲಿ ಕಾಲೇಜು ಅಂದರೆ ಡಿಪ್ಲೊಮಾ, ಕೈಕಸುಬು, ನರ್ಸಿಂಗ್, ಅಡುಗೆ, ಅನಿಮೇಷನ್ ಇಂಥದ್ದನ್ನು ಕಲಿಸುವ ಜಾಗ. 1965ರಲ್ಲಿ ಬಿಲ್ ಡೇವಿಸ್ ಶಿಕ್ಷಣ ಮಂತ್ರಿಯಾಗಿದ್ದಾಗ ಈ ಕಾಲೇಜುಗಳಿಗೆ ಕಾನೂನು ತಂದರು. ಅವರು ನಮ್ಮ ಬ್ರಾಂಪ್ಟನ್ನಿನವರೇ. ಯೂನಿವರ್ಸಿಟಿಗೆ ಹೋಗದವರಿಗೂ ಹೈಸ್ಕೂಲ್ ಆದ ಮೇಲೆ ಒಂದು ಗೌರವದ ದಾರಿ ಇರಬೇಕು ಅನ್ನುವುದು ಅದರ ಉದ್ದೇಶ. ಈಗ ಪ್ರಾಂತ್ಯದ ತುಂಬ ಇಂಥ 24 ಸರಕಾರಿ ಕಾಲೇಜುಗಳಿವೆ. ಆದರೆ ನಮ್ಮ ಹಬ್ಬದ ಊಟಗಳಲ್ಲಿ, ಸಂಘದ ಕಾರ್ಯಕ್ರಮಗಳಲ್ಲಿ ಮಕ್ಕಳ ವಿಷಯ ಬಂದಾಗ ಕೇಳುವ ಪ್ರಶ್ನೆ ಒಂದೇ, ಯಾವ ಯೂನಿವರ್ಸಿಟಿ? ಕಾಲೇಜು ಅಂದರೆ ದನಿ ಇಳಿಯುತ್ತದೆ. ಪಕ್ಕದಲ್ಲೇ ತಟ್ಟೆ ಹಿಡಿದು ನಿಂತ ಮಗು ಅದನ್ನೆಲ್ಲ ಕೇಳಿಸಿಕೊಳ್ಳುತ್ತದೆ. ವಿಚಿತ್ರ ಅಂದರೆ, ಊರಿನಲ್ಲಿ ಎಂಜಿನಿಯರಿಂಗ್ ಡಿಗ್ರಿ ಮುಗಿಸಿ ಇಲ್ಲಿಗೆ ಬಂದ ಎಷ್ಟೋ ಜನ ಕೆಲಸಕ್ಕಾಗಿ ಇದೇ ಕಾಲೇಜುಗಳಲ್ಲಿ ಮತ್ತೆ ಕೋರ್ಸ್ ಮಾಡಿದವರು. ತಾವು ಹತ್ತಿದ ಮೆಟ್ಟಿಲು ಮಕ್ಕಳಿಗೆ ಯಾಕೆ ಬೇಡ?

ಕರ್ನಾಟಕದಲ್ಲೂ ಹೀಗೆ ಮಾಡಬಹುದಾ ಅಂತ ನನ್ನ ತಮ್ಮ ಕೇಳುತ್ತಿರುತ್ತಾನೆ. ಅವನೂ ಮೇಷ್ಟ್ರು. ನಮ್ಮಲ್ಲಿ ದಾರಿಗಳು ಇಲ್ಲ ಅಂತಲ್ಲ. ಎಸ್‌ಎಸ್‌ಎಲ್‌ಸಿ ಆದ ಮೇಲೆ ಪಾಲಿಟೆಕ್ನಿಕ್‌ಗೆ ಹೋಗಬಹುದು, ಅಲ್ಲಿ ಡಿಪ್ಲೊಮಾ ಮುಗಿಸಿ ಎಂಜಿನಿಯರಿಂಗ್‌ನ ಎರಡನೇ ವರ್ಷಕ್ಕೇ ಸೇರಬಹುದು. ಐಟಿಐ ಇದೆ. ಇದು ಎಷ್ಟು ಒಳ್ಳೆಯ ಏರ್ಪಾಡು ಅಂತ ಹೊರಗೆ ಬಂದ ಮೇಲೆ ನನಗೆ ಜಾಸ್ತಿ ಅರ್ಥವಾಗಿದೆ. ಎಸ್‌ಎಸ್‌ಎಲ್‌ಸಿಗೆ 2024ರಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಕೂಡ ಬಂದಿದೆ. ಆದರೆ ಎಷ್ಟು ಸಲ ಬರೆದರೂ ಅದೇ ಪರೀಕ್ಷೆ. ಒಂಬತ್ತನೇ ಕ್ಲಾಸಿನಲ್ಲೇ ಮನಸ್ಸು ಬಿಟ್ಟ ಹುಡುಗನಿಗೆ, ಪಾಸಾದ ಮೇಲೆ ಮುಂದೆ ಒಳ್ಳೆಯದಿದೆ ಅಂದರೆ ಅವನು ನಂಬುವುದಿಲ್ಲ. ಮುಂದಿರುವುದನ್ನು ಒಂದು ದಿನವಾದರೂ ಅವನು ಮುಟ್ಟಿ ನೋಡಬೇಕು. ತಾಲ್ಲೂಕಿನ ಪಾಲಿಟೆಕ್ನಿಕ್ಕಿನ ವರ್ಕ್‌ಶಾಪಿಗೆ ಹತ್ತನೇ ಕ್ಲಾಸಿನ ಮಕ್ಕಳು ವಾರಕ್ಕೊಂದು ಮಧ್ಯಾಹ್ನ ಹೋಗಿ, ಅಲ್ಲಿ ಕಲಿತದ್ದಕ್ಕೆ ಎರಡೂ ಕಡೆ ಅಂಕ ಸಿಗುವ ಹಾಗಾದರೆ ಹೇಗಿರುತ್ತದೆ? 2023ರಲ್ಲಿ ಬಂದ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟಿನಲ್ಲಿ ಶಾಲೆಯ ಓದಿಗೂ ಕೌಶಲದ ಕಲಿಕೆಗೂ ಒಂದೇ ಥರ ಕ್ರೆಡಿಟ್ ಕೊಡುವ ಮಾತಿದೆ. ಕಾಗದದ ಮೇಲೆ ಬಾಗಿಲು ತೆರೆದಿದೆ. ತಮ್ಮ ಹೇಳುವುದು, ಅವನ ಶಾಲೆಯಿಂದ ಪಾಲಿಟೆಕ್ನಿಕ್ಕಿಗೆ ಹೋಗುವ ಬಸ್ಸೇ ಮಧ್ಯಾಹ್ನ ಇಲ್ಲ. ಬಸ್ಸಿನ ವಿಷಯ ಚಿಕ್ಕದು ಅನ್ನಿಸಬಹುದು. ಇಲ್ಲಿಯೂ ನಾನು ಮೊದಲು ವಿಚಾರಿಸುವುದು ಅದನ್ನೇ. ಬಸ್ ಟಿಕೆಟ್ ಕೈಗೆ ಬಾರದೆ ಮೊದಲ ವಾರವೇ ಬಿಟ್ಟ ಮಕ್ಕಳಿದ್ದಾರೆ.

ಡ್ಯುಯಲ್ ಕ್ರೆಡಿಟ್‌ನಿಂದ ಎಲ್ಲ ಸರಿಹೋಗುತ್ತದೆ ಅಂತ ಹೇಳಿದರೆ ಸುಳ್ಳಾಗುತ್ತದೆ. ಡಿಪ್ಲೊಮಾಕ್ಕೆ ಇದರಿಂದ ಗರಿಷ್ಠ ನಾಲ್ಕು ಕ್ರೆಡಿಟ್ ಮಾತ್ರ, ಅದೂ ಐಚ್ಛಿಕ ವಿಷಯಗಳ ಲೆಕ್ಕಕ್ಕೆ. ಕಡ್ಡಾಯ ವಿಷಯಗಳನ್ನು ಹೈಸ್ಕೂಲಿನ ಕ್ರೆಡಿಟ್ ಆಗಿಯೇ ಮುಗಿಸಬೇಕು. ಕಾಲೇಜಿನಲ್ಲಿ ಮಗು ಅರಳಿತು ಅಂತ ಬುಧವಾರ ಖುಷಿಪಟ್ಟರೆ, ಗುರುವಾರ ಅದೇ ಮಗು ನಮ್ಮ ಇಂಗ್ಲಿಷ್ ಕ್ಲಾಸಿಗೆ ಬರುವುದಿಲ್ಲ. ಮನೆ ಬಾಡಿಗೆಗೆ ಸಹಾಯ ಮಾಡಲು ರಾತ್ರಿ ಕಾಫಿ ಅಂಗಡಿಯಲ್ಲಿ ಕೆಲಸ ಮಾಡುವ ಮಗುವಿಗೆ ಬೇಕಾದದ್ದು ನಿದ್ದೆ, ಕೋರ್ಸಲ್ಲ. ಸೀಟುಗಳೂ ಬೇಕಾದಷ್ಟಿಲ್ಲ. ಹೇರ್‌ಸ್ಟೈಲಿಂಗ್, ಅಡುಗೆ, ವೆಲ್ಡಿಂಗ್ ಕೋರ್ಸುಗಳು ಬೇಗ ತುಂಬಿಹೋಗುತ್ತವೆ. ಆಮೇಲೆ ಖಾಲಿ ಇರುವುದಕ್ಕೆ ಮಗುವನ್ನು ತಳ್ಳಬೇಕಾಗುತ್ತದೆ. ಮನಸ್ಸಿಲ್ಲದ ಕೋರ್ಸಿಗೆ ಕಳಿಸಿದರೆ ಅದೂ ಇನ್ನೊಂದು ಸೋಲು.

ಇನ್ನೊಂದು ನನ್ನನ್ನು ಬಿಡದೆ ಕಾಡುತ್ತದೆ. ಮಕ್ಕಳು ಕಾಲೇಜಿನಲ್ಲಿ ಚೆನ್ನಾಗಿ ಮಾಡುವುದನ್ನು ನೋಡಿ ನಾವು ಹೈಸ್ಕೂಲಿನವರು ಅವರನ್ನು ಅಲ್ಲಿಗೆ ಕಳಿಸಿ ಸುಮ್ಮನಾಗುತ್ತೇವೆ. ನಮ್ಮ ಕ್ಲಾಸ್‌ರೂಮು ಇದ್ದ ಹಾಗೇ ಇರುತ್ತದೆ. ಕಾರಣ ಹೇಳಿ ನಿಯಮ ಮಾಡುವುದಕ್ಕೆ, ಕೈಯಲ್ಲಿ ವಸ್ತು ಕೊಟ್ಟು ಗಣಿತ ಹೇಳುವುದಕ್ಕೆ, ಹಳೆಯ ವರ್ಷದ ಕಥೆ ಮುಂದಿನ ಟೀಚರ್‌ಗೆ ದಾಟಿಸದೇ ಇರುವುದಕ್ಕೆ ಕಾಲೇಜಿನ ಕಟ್ಟಡವೇ ಬೇಕಾ? ಕಳೆದ ವರ್ಷ ನಮ್ಮ ಗಣಿತದ ವಿಭಾಗದವರಿಗೆ ಆ ಹುಡುಗನ ಅಳತೆಯ ಹಾಳೆ ತೋರಿಸಿದೆ. ಒಬ್ಬರು ಅದನ್ನು ತಮ್ಮ ಕ್ಲಾಸಿನಲ್ಲಿ ಬಳಸಿದರು, ಹಳೆಯ ಡಿಸ್ಕ್ ಒಂದನ್ನು ಗ್ಯಾರೇಜಿನಿಂದ ಕೇಳಿ ತಂದು ಮೇಜಿನ ಮೇಲಿಟ್ಟು. ಉಳಿದವರಿಗೆ ಸಿಲೆಬಸ್ ಮುಗಿಸುವ ಆತುರ. ಅವರನ್ನು ದೂರುವುದಿಲ್ಲ, ನನಗೂ ಆ ಆತುರ ಗೊತ್ತು.

ಇಲ್ಲಿ ಇರುವ ಕನ್ನಡದ ಅಪ್ಪ ಅಮ್ಮಂದಿರಿಗೆ ಒಂದು ಮಾತು. ಮಗು ಶಾಲೆಗೆ ಹೋಗಲ್ಲ ಅನ್ನುತ್ತಿದ್ದರೆ ಗ್ರೇಡ್ 12ರವರೆಗೆ ಕಾಯಬೇಡಿ. ಮುಂದಿನ ವರ್ಷದ ಕೋರ್ಸ್ ಆರಿಸುವ ಹೊತ್ತು ಚಳಿಗಾಲದಲ್ಲೇ ಬರುತ್ತದೆ. ಅದಕ್ಕೂ ಮೊದಲೇ ಗೈಡೆನ್ಸ್ ಆಫೀಸಿಗೆ ಹೋಗಿ, ಸ್ಟೂಡೆಂಟ್ ಸಕ್ಸೆಸ್ ಟೀಚರ್ ಯಾರು ಅಂತ ಕೇಳಿ. ಡ್ಯುಯಲ್ ಕ್ರೆಡಿಟ್ ಯಾವ ಕಾಲೇಜಿನಲ್ಲಿ, ಯಾವ ವಿಷಯದಲ್ಲಿ, ಯಾವ ದಿನ ಅಂತ ಕೇಳಿ. ಮಗುವನ್ನೂ ಜೊತೆಗೆ ಕರೆದುಕೊಂಡು ಹೋಗಿ, ಅವನ ಮುಂದೆಯೇ ಮಾತಾಡಿ. ಯಾವುದಾದರೂ ಒಂದು ಹೆಸರು ಕೇಳಿದಾಗ ಅವನು ತಲೆ ಎತ್ತುತ್ತಾನಾ ನೋಡಿ.

ಆ ದಾವಣಗೆರೆಯ ಹುಡುಗ ಆಟೊಮೋಟಿವ್‌ನಲ್ಲಿ 78 ತೆಗೆದ. ಅಪ್ಪ ಈಗ ಕಾರಿನ ಆಯಿಲ್ ಬದಲಿಸುವುದಕ್ಕೆ ಅವನನ್ನೇ ಕರೆಯುತ್ತಾರಂತೆ, ಅಷ್ಟರಮಟ್ಟಿಗೆ ಮನೆಯಲ್ಲಿ ಮಾತು ಶುರುವಾಗಿದೆ. ಈ ಸೆಮಿಸ್ಟರ್ ಎರಡನೇ ಕಾಲೇಜ್ ಕೋರ್ಸು, ಕಾರಿನ ಎಲೆಕ್ಟ್ರಿಕಲ್ ಕೆಲಸ. ಗಣಿತ ಬೇಸಿಗೆಯಲ್ಲಿ ಮುಗಿಸಿಕೊಂಡ. ಗ್ರೇಡ್ 12 ಇಂಗ್ಲಿಷ್ ಮಾತ್ರ ಹಾಗೇ ಬಾಕಿ ಇದೆ, ಒಂದು ಸಲ ಬಿಟ್ಟಿದ್ದಾನೆ, ಇನ್ನೊಂದು ಸಲ ಹೆಸರು ಬರೆಸಿದ್ದೇವೆ. ಮಂಗಳವಾರ ಊಟದ ಹೊತ್ತಿಗೆ ನನ್ನ ರೂಮಿಗೆ ಬಂದು ಪ್ರಬಂಧ ಬರೆಯುತ್ತಾನೆ. ಈಗ ಬರೆಯುತ್ತಿರುವುದು ಹಳೆಯ ಕಾರನ್ನು ರಿಪೇರಿ ಮಾಡಿಸುವುದು ಮೇಲೋ, ಹೊಸದು ಕೊಳ್ಳುವುದು ಮೇಲೋ ಅಂತ. ಎರಡನೇ ಪ್ಯಾರಾದಲ್ಲಿ ನಿಂತಿದ್ದಾನೆ. ಕಾರಣಗಳು ಬೇಕಾದಷ್ಟಿವೆ, ಸಾಲಾಗಿ ಜೋಡಿಸುವುದು ಬರುತ್ತಿಲ್ಲ. ಬರುವ ಮಂಗಳವಾರ ಅದರ ಮೇಲೆ ಕೂರುತ್ತೇವೆ.